ಎದುರು ಕೂರೋದು ಹೇಗೆ?

ಬೀದರ್ ಜಿಲ್ಲೆಯ ಮನ್ನಳ್ಳಿಯಿಂದ ಮಾತಾಡ್ತಿದ್ದೀನಿ. ಇವತ್ತು ‘ಅಜೈಲ್’ ಕಥೆ.

2001ರ ಫೆಬ್ರುವರಿ. ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಒಂದು ಪ್ರಣಾಳಿಕೆ ಬರೆದರು. ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ, ಬದಲಾವಣೆಗೆ ಹೆದರಬೇಡಿ, ಎದುರು ಕೂತು ಮಾತಾಡಿ ಅನ್ನೋದು ಅದರ ಸಾರ.

ಅದೇ ವರ್ಷ ಥಾಟ್‌ವರ್ಕ್ಸ್ ಬೆಂಗಳೂರಿಗೆ ಬಂತು. ಗ್ರಾಹಕರು ಅಮೆರಿಕದಲ್ಲಿ, ಕೋಡ್ ಬರೆಯೋರು ಇಲ್ಲಿ. ಅಲ್ಲಿ ಬೆಳಗಾದರೆ ಇಲ್ಲಿ ರಾತ್ರಿ. ಎದುರು ಕೂರೋದು ಹೇಗೆ?

ಆ 17 ಮಂದಿಯಲ್ಲೊಬ್ಬರಾದ, ಇದೇ ಕಂಪನಿಯ ಮಾರ್ಟಿನ್ ಫೌಲರ್ ಈ ಅನುಭವ ಬರೆದಿಟ್ಟಿದ್ದಾರೆ. ಎರಡೂ ಕಡೆಯವರು ‘ರಾಯಭಾರಿ’ಗಳಾಗಿ ಕೆಲವು ತಿಂಗಳು ಆ ಕಡೆ ಈ ಕಡೆ ಹೋಗಿ ಇರ್ತಿದ್ರು. ಎಲ್ಲರ ಕೋಡನ್ನೂ ಆಗಾಗ ಒಟ್ಟುಸೇರಿಸಿ ಪರೀಕ್ಷೆ ಮಾಡ್ತಿದ್ರು. ಹಾಗಾಗಿ ತಪ್ಪು ತಿಳಿವಳಿಕೆ ಬೇಗ ಬಯಲಾಗ್ತಿತ್ತು.

ನನಗನಿಸೋದು ಇಷ್ಟೇ: ನಿಯಮ ಬರೆದದ್ದು ಒಂದು ಕೋಣೆಯಲ್ಲಿ. ಅದು ದೂರದವರಿಗೂ ಒಗ್ಗುತ್ತೆ ಅಂತ ತೋರಿಸಿದ್ದರಲ್ಲಿ ಬೆಂಗಳೂರಿಗೂ ಪಾಲಿದೆ. ಊರಲ್ಲೇ ಕೂತು ಲ್ಯಾಪ್‌ಟಾಪ್ ತೆರೆಯೋ ನಮಗೆ ಆ ಪಾಠ ಇವತ್ತೂ ಬೇಕು.