ಗುರಿಮೈದಾನದ ಚಿಕ್ಕ ಕೋವಿ: ಒಂದು ಆಯ್ಕೆಯ ಚಾರಿತ್ರಿಕ ಹಿನ್ನೆಲೆ

ಆಯುಧಪೂಜೆ ಕಳೆದ ಕೆಲವು ದಿನಗಳ ತರುವಾಯ, ಚಾಮರಾಜಪುರಂ ರೈಲುನಿಲ್ದಾಣದ ಸಮೀಪದಲ್ಲಿ ವಾಸವಾಗಿರುವ ನಮ್ಮ ವಿದ್ಯಾರ್ಥಿಯೊಬ್ಬನು ನಮ್ಮಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟನು. ಆತನು ಎನ್.ಸಿ.ಸಿ.ಯಲ್ಲಿ ಗುರಿಯಿಡುವುದನ್ನು ಕಲಿತವನು. "ಅಭ್ಯಾಸಕ್ಕೆಂದು ಸ್ವಂತದ್ದೊಂದು .೨೨ ರೈಫಲ್ ಕೊಳ್ಳಬೇಕೆಂದಿದ್ದೇನೆ ಸಾರ್. ತಾನಾಗಿಯೇ ತೋಟಾ ತುಂಬಿಕೊಳ್ಳುವ ರೈಫಲ್ಲು ಅಮೆರಿಕದಲ್ಲಿ ಬಹಳ ಅಗ್ಗವಂತೆ. ನಮ್ಮಲ್ಲಿ ಅದೇಕೆ ಕಾಣಿಸುವುದೇ ಇಲ್ಲ?" ಎಂದು ಕೇಳಿದನು. ಪ್ರಶ್ನೆಯ ಮೊದಲ ಭಾಗಕ್ಕೆ ಅಂಗಡಿಯವನು ಉತ್ತರ ಹೇಳಬಲ್ಲನು. ಎರಡನೆಯದಕ್ಕೆ ಉತ್ತರ ಹೇಳಬೇಕಾದವರು ಚರಿತ್ರಕಾರರು. ಪ್ರಕೃತ ಲೇಖನದಲ್ಲಿ ಆ ಎರಡನೆಯ ಭಾಗವನ್ನೇ ವಿಚಾರ ಮಾಡಲು ಉದ್ದೇಶಿಸಿದ್ದೇವೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಅವಶ್ಯಕ. .೨೨ ಎಂಬುದು ನಳಿಗೆಯ ವ್ಯಾಸವನ್ನು ಅಂಗುಲದ ದಶಾಂಶದಲ್ಲಿ ಹೇಳುವ ಮಾತು. ಅದು ಸುಮಾರು ೫.೬ ಮಿಲಿಮೀಟರಿಗೆ ಸಮ. ರಿಮ್‌ಫೈರ್ ತೋಟಾದಲ್ಲಿ ಕಿಡಿ ಹುಟ್ಟಿಸುವ ಮದ್ದು ತಳದ ನಡುವಿನಲ್ಲಿರದೆ ಸುತ್ತಲಿನ ಮಡಿಕೆಯಂಚಿನಲ್ಲಿ ಹರಡಿರುತ್ತದೆ. ಬಂದೂಕಿನ ಸೂಜಿಯು ಆ ಅಂಚನ್ನು ಜಜ್ಜಿದೊಡನೆ ಮದ್ದು ಹತ್ತಿಕೊಳ್ಳುತ್ತದೆ. ಅಂಚು ಜಜ್ಜಿಹೋಗುವುದರಿಂದ ಖಾಲಿ ಚಿಪ್ಪನ್ನು ಮತ್ತೆ ತುಂಬಿ ಬಳಸುವಂತಿಲ್ಲ. ಆದರೆ ತಯಾರಿಕೆ ಸುಲಭ, ಒತ್ತಡ ಕಡಿಮೆ, ಹಿಂದೊದೆತ ಅತ್ಯಲ್ಪ. ಈ ಗುಣಗಳಿಂದಲೇ ಇದು ಕಲಿಯುವವನ ತೋಟಾ ಆಯಿತು.

ಇದರ ಮೂಲವು ಫ್ರಾನ್ಸಿನಲ್ಲಿದೆ. ಅಲ್ಲಿಯ ಫ್ಲೋಬೆರ್ ಎಂಬ ಬಂದೂಕುಗಾರನು ೧೮೪೫ರ ಸುಮಾರಿನಲ್ಲಿ ಕಿಡಿಮದ್ದಿನ ಟೋಪಿಗೇ ಸಣ್ಣ ಗುಂಡೊಂದನ್ನು ಕೂರಿಸಿ, ಮನೆಯೊಳಗೆ ಗುರಿಯಾಟವಾಡಲು ತಕ್ಕ ತೋಟಾವನ್ನು ರಚಿಸಿದನು. ೧೮೫೭ರಲ್ಲಿ ಅಮೆರಿಕದ ಸ್ಮಿತ್ ಮತ್ತು ವೆಸನ್ ಸಂಸ್ಥೆಯು .೨೨ ಶಾರ್ಟ್ ತೋಟಾವನ್ನು ಬಳಕೆಗೆ ತಂದಿತು. ಇಂದು ಲೋಕದಾದ್ಯಂತ ಪ್ರಚಲಿತವಾಗಿರುವ .೨೨ ಲಾಂಗ್ ರೈಫಲ್ ತೋಟಾ ೧೮೮೭ರಲ್ಲಿ ಸ್ಟೀವನ್ಸ್ ಸಂಸ್ಥೆಯಿಂದ ಹೊರಬಂದಿತು. ಅಂದರೆ ರಿಮ್‌ಫೈರ್ ತೋಟಾದ ಹುಟ್ಟಿನಲ್ಲಿಯೇ ಗುರಿಯಾಟದ ಉದ್ದೇಶ ಅಡಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಅರೆಸ್ವಯಂಚಾಲಿತ ರೈಫಲ್ಲು ಈ ತೋಟಾದ ಮಿತಬಲವನ್ನೇ ಆಶ್ರಯಿಸಿ ಬೆಳೆಯಿತು. ಗುಂಡು ಮುಂದಕ್ಕೆ ನುಗ್ಗುವಾಗ ಚಿಪ್ಪು ಹಿಂದಕ್ಕೆ ಒತ್ತುತ್ತದೆ. ಆ ಒತ್ತು ಬೋಲ್ಟನ್ನು ಹಿಂದೆ ತಳ್ಳಿ ಚಿಪ್ಪನ್ನು ಹೊರಗೆಸೆಯುತ್ತದೆ. ಬಳಿಕ ಸ್ಪ್ರಿಂಗಿನ ಬಲದಿಂದ ಬೋಲ್ಟು ಮುಂದೆ ಬರುವಾಗ ಹೊಸ ತೋಟಾವನ್ನು ನಳಿಗೆಗೆ ಸೇರಿಸುತ್ತದೆ. ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು ಹಾರುತ್ತದೆ, ಆದರೆ ಮುಂದಿನ ತೋಟಾಕ್ಕಾಗಿ ಕೈಯಾಡಿಸಬೇಕಾಗಿಲ್ಲ. ಭಾರವಾದ ತೋಟಾಗಳಿಗೆ ಬೇಕಾಗುವ ಬೀಗದ ತೊಡಕು ಇಲ್ಲಿ ಇಲ್ಲದಿರುವುದರಿಂದ ಯಂತ್ರವು ಸರಳವೂ ಅಗ್ಗವೂ ಆಗಲು ಸಾಧ್ಯವಾಯಿತು. ವಿಂಚೆಸ್ಟರ್ ಸಂಸ್ಥೆಯು ೧೯೦೩ರಲ್ಲಿ ಇಂತಹ ರೈಫಲ್ಲನ್ನು ಹೊರತಂದಾಗ ಅದಕ್ಕೆಂದೇ ಬೇರೊಂದು ತೋಟಾವನ್ನು ರಚಿಸಿತು. ಕರಿಮದ್ದಿನ ಹಳೆಯ ತೋಟಾಗಳು ಯಂತ್ರದೊಳಗೆ ಮಸಿ ಕಟ್ಟಿಸಿ ಅದನ್ನು ನಿಲ್ಲಿಸಿಬಿಡುತ್ತವೆ ಎಂಬುದೇ ಇದಕ್ಕೆ ಕಾರಣ. ಹೊಗೆರಹಿತ ಮದ್ದು ಸಾರ್ವತ್ರಿಕವಾದ ಮೇಲೆ ಈ ಅಡ್ಡಿ ನಿವಾರಣೆಯಾಯಿತು. ೧೯೬೦ರಲ್ಲಿ ಮಾರ್ಲಿನ್ ಸಂಸ್ಥೆಯ ೬೦ನೆಯ ಮಾದರಿಯೂ ೧೯೬೪ರಲ್ಲಿ ರೂಗರ್ ಸಂಸ್ಥೆಯ ೧೦/೨೨ ಮಾದರಿಯೂ ಹೊರಬಂದು, ಅಮೆರಿಕದ ಸಾಮಾನ್ಯ ಗೃಹಸ್ಥನ ಕೈಗೆಟುಕುವ ರೈಫಲ್ಲುಗಳೆನಿಸಿದವು.

ಇಂಗ್ಲೆಂಡಿನ ದಾರಿ ಬೇರೆಯಾಗಿತ್ತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ತಮ್ಮ ಜನರ ಗುರಿ ಸಾಲದೆಂದು ಮನಗಂಡ ಆಂಗ್ಲರು ೧೯೦೧ರಲ್ಲಿ, ಲಾರ್ಡ್ ರಾಬರ್ಟ್ಸರ ಪ್ರೋತ್ಸಾಹದಿಂದ, ಶ್ರಮಜೀವಿಗಳ ರೈಫಲ್ ಕ್ಲಬ್ಬುಗಳ ಸಂಘವನ್ನು ಸ್ಥಾಪಿಸಿದರು. ಕೂಲಿಗಾರನೊಬ್ಬನು ತನ್ನದೇ ರೈಫಲ್ಲನ್ನು ಕೊಳ್ಳಲಾರನು, ಹತ್ತಾರು ಮಂದಿ ಸೇರಿ ಒಂದನ್ನು ಬಳಸಬಹುದು ಎಂಬುದು ಈ ಏರ್ಪಾಡಿನ ತಿರುಳು. ಆದುದರಿಂದ ಆಯ್ಕೆಯ ಮಾನದಂಡ ವೇಗವಾಗಿರದೆ ಬಾಳಿಕೆಯಾಯಿತು. ಈ ಎರಡನೆಯ ದಾರಿಯೇ ಭಾರತಕ್ಕೆ ಹತ್ತಿರವಾದದ್ದು ಎಂಬುದು ಮುಂದೆ ವಿದಿತವಾಗುತ್ತದೆ.

ಇನ್ನು ನಮ್ಮ ನಾಡಿನ ವಿಷಯ. ಮೈಸೂರು ಬಂದೂಕಿಗೆ ಅಪರಿಚಿತವಾದ ಸೀಮೆಯಲ್ಲ. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಕಬ್ಬಿಣದ ಕೊಳವೆಯ ಬಾಣಗಳೂ ಚಕಮಕಿ ಕೋವಿಗಳೂ ಇಲ್ಲಿಯೇ ತಯಾರಾಗುತ್ತಿದ್ದವು. ಹುಲಿಮೊಗದ ಅಲಂಕಾರವುಳ್ಳ ಶ್ರೀರಂಗಪಟ್ಟಣದ ಕೋವಿಗಳು ಇಂದು ಪರದೇಶದ ಸಂಗ್ರಹಾಲಯಗಳಲ್ಲಿವೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕುಶಲತೆಗೆ ರಾಜಾಶ್ರಯ ತಪ್ಪಿತು. ೧೮೫೭ರ ದಂಗೆಯ ಬಳಿಕ ನಿರಾಯುಧೀಕರಣದ ಶಾಸನಗಳು ಬಂದವು. ಲಾರ್ಡ್ ಲಿಟ್ಟನ್ನನ ೧೮೭೮ರ ಆಯುಧ ಶಾಸನವು ಬ್ರಿಟಿಷ್ ಇಂಡಿಯದಲ್ಲಿ ಪರವಾನಗಿಯಿಲ್ಲದೆ ಆಯುಧ ಹೊಂದುವುದನ್ನು ಅಪರಾಧವೆಂದು ವಿಧಿಸಿತು. ಆಯುಧಪೂಜೆಯಂದು ಆಯುಧಕ್ಕೆ ಕುಂಕುಮವಿಡುವ ನಾಡಿನಲ್ಲಿ ಸಾಮಾನ್ಯ ಗೃಹಸ್ಥನ ಪೂಜೆಗೆ ಉಳಿದದ್ದು ಕುಡುಗೋಲು, ತಕ್ಕಡಿ ಮತ್ತು ಲೇಖನಿ.

ಇದಕ್ಕೆ ಕೊಡಗು ಪ್ರಸಿದ್ಧವಾದ ಅಪವಾದ. ೧೮೩೪ರಲ್ಲಿ ಬ್ರಿಟಿಷರ ವಶವಾದ ಆ ಸೀಮೆಗೂ ಮೈಸೂರಿಗೂ ಒಬ್ಬನೇ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು ೧೮೬೧ರಲ್ಲಿ ಕೊಡವರನ್ನು ನಿರಾಯುಧೀಕರಣದ ಶಾಸನದಿಂದ ಹೊರತುಪಡಿಸಿದನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸಿದ ತರುವಾಯ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಮನೆಯ ಕೋವಿ, ಊರ ಮೈದಾನ, ಸಾಮೂಹಿಕ ಗುರಿಯಾಟ ಈ ಮೂರೂ ಅಲ್ಲಿ ಕಡಿಯದೆ ಉಳಿದವು. ಮೈಸೂರಿನ ಬಯಲುಸೀಮೆಯ ರೈತನಿಗಾಗಲಿ ಪಟ್ಟಣದ ಗುಮಾಸ್ತನಿಗಾಗಲಿ ಈ ಭಾಗ್ಯ ಇರಲಿಲ್ಲ.

ಬಯಲುಸೀಮೆಯ ಸಾಮಾನ್ಯ ತರುಣನ ಕೈಗೆ ಬಂದೂಕನ್ನು ಮರಳಿ ತಂದದ್ದು, ನಮ್ಮ ಅಭಿಪ್ರಾಯದಲ್ಲಿ, ಕಾಲೇಜು. ೧೯೪೮ರ ಶಾಸನದಿಂದ ಎನ್.ಸಿ.ಸಿ. ಸ್ಥಾಪಿತವಾಯಿತು. ಚೀನಾ ಯುದ್ಧದ ತರುವಾಯ ೧೯೬೩ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಅದು ಕಡ್ಡಾಯವಾಗಿ, ೧೯೬೮ರಲ್ಲಿ ಮತ್ತೆ ಐಚ್ಛಿಕವಾಯಿತು. ಆ ಐದು ವರ್ಷಗಳಲ್ಲಿ ಕಾಲೇಜಿನಲ್ಲಿದ್ದ ಒಂದು ಇಡೀ ತಲೆಮಾರಿಗೆ ಬಂದೂಕಿನ ಶಿಸ್ತಿನ ಪರಿಚಯವಾಯಿತು. ಕೆಡೆಟ್ಟುಗಳ ಮೊದಲ ಅಭ್ಯಾಸಕ್ಕೆ ೨೫ ಗಜದ ಅಂತರದಲ್ಲಿ ಹಾರಿಸುವ .೨೨ ಬೋಲ್ಟ್ ರೈಫಲ್ಲೇ ಸಾಧನವಾಗಿತ್ತು. ತೋಟಾವನ್ನು ಲೆಕ್ಕ ಹಾಕಿ ಕೊಡುತ್ತಿದ್ದರು, ಖಾಲಿ ಚಿಪ್ಪನ್ನು ಲೆಕ್ಕ ಹಾಕಿ ಹಿಂದಕ್ಕೆ ಪಡೆಯುತ್ತಿದ್ದರು. ಇಂತಹ ಏರ್ಪಾಡಿನಲ್ಲಿ ಬೇಗಬೇಗನೆ ತೋಟಾ ನುಂಗುವ ಯಂತ್ರಕ್ಕೆ ಅವಕಾಶವೇ ಇರಲಿಲ್ಲ.

ಶಾಸನವೂ ಇದೇ ನಿಟ್ಟಿನಲ್ಲಿ ಬೆಳೆಯಿತು. ಮುಂದೆ ಲೋಕಸಭೆಯ ಅಧ್ಯಕ್ಷರಾದ ಮಾವಳಂಕರರ ನೇತೃತ್ವದಲ್ಲಿ ೧೯೫೧ರಲ್ಲಿ ರಾಷ್ಟ್ರೀಯ ರೈಫಲ್ ಸಂಘವು ಸ್ಥಾಪಿತವಾಗಿತ್ತು. ೧೯೫೯ರ ಆಯುಧ ಶಾಸನವು ಗುರಿಯಾಟದ .೨೨ ರೈಫಲ್ಲನ್ನು ಹೆಸರಿಸಿಯೇ ಮಾತನಾಡುತ್ತದೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನು ಗುರಿ ಅಭ್ಯಾಸಕ್ಕಾಗಿ ಇದನ್ನು ಬೇಡಿದರೆ, ಅನರ್ಹತೆಯ ಕಾರಣಗಳಿಲ್ಲದಿದ್ದಲ್ಲಿ, ಅಧಿಕಾರಿಯು ಪರವಾನಗಿ ಕೊಡತಕ್ಕದ್ದು ಎಂದು ೧೩ನೆಯ ಪ್ರಕರಣ ವಿಧಿಸುತ್ತದೆ. ಆತ್ಮರಕ್ಷಣೆಗೆಂದು ಪಿಸ್ತೂಲು ಬೇಡುವವನಿಗೆ ಈ ಬಗೆಯ ಭರವಸೆಯಿಲ್ಲ. ಆದರೆ ಇದೇ ಶಾಸನದ ಅಡಿಯಲ್ಲಿ ಬಂದ ೧೯೬೨ರ ನಿಯಮಾವಳಿಯು ಆಯುಧಗಳನ್ನು ವರ್ಗೀಕರಿಸುವಾಗ ಕಡಮೆ ವೇಗದ .೨೨ ರಿಮ್‌ಫೈರ್ ರೈಫಲ್ಲನ್ನು ಮೂರನೆಯ ವರ್ಗದಲ್ಲಿಟ್ಟು, ಪಿಸ್ತೂಲುಗಳಂತಹವನ್ನು ಬಿಟ್ಟರೆ ಉಳಿದ ಅರೆಸ್ವಯಂಚಾಲಿತ ಬಂದೂಕುಗಳನ್ನು ಬಿಗಿಯಾದ ಒಂದನೆಯ ವರ್ಗಕ್ಕೆ ಸೇರಿಸಿತು. ಆದುದರಿಂದ ಅರೆಸ್ವಯಂಚಾಲಿತ .೨೨ ಬಯಸುವವನು ಮೊದಲು ಎದುರಿಸಬೇಕಾದದ್ದು ಬೆಲೆಯ ಪ್ರಶ್ನೆಯನ್ನಲ್ಲ, ವರ್ಗದ ಪ್ರಶ್ನೆಯನ್ನು.

ಹಾಗಾದರೆ ಶಾಸನವೊಂದೇ ಕಾರಣವೆ? ಹಾಗೆಂದು ನಿರ್ಣಯಿಸುವುದು ಅವಸರವಾದೀತು. ಇಂಗ್ಲೆಂಡಿನಲ್ಲಿ ೧೯೮೮ರ ಶಾಸನವು ಅರೆಸ್ವಯಂಚಾಲಿತ ರೈಫಲ್ಲುಗಳನ್ನು ನಿಷೇಧಿಸಿದಾಗಲೂ .೨೨ ರಿಮ್‌ಫೈರನ್ನು ಹೊರತುಪಡಿಸಿತು. ಆದಾಗ್ಯೂ ಅಂತಾರಾಷ್ಟ್ರೀಯ ಸ್ಪರ್ಧೆಗಳ ೫೦ ಮೀಟರ್ ರೈಫಲ್ ವಿಭಾಗದಲ್ಲಿ ಪ್ರತಿಯೊಂದು ಗುಂಡಿಗೂ ಕೈಯಿಂದಲೇ ತೋಟಾ ತುಂಬಬೇಕೆಂಬ ನಿಯಮವಿದೆ. ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ ೧೦.೪ ಮಿಲಿಮೀಟರು. ಅಷ್ಟು ಕಿರಿದಾದ ಗುರಿಗೆ ಬೇಕಾದದ್ದು ಉಸಿರಿನ ಹಿಡಿತ ಮತ್ತು ಕುದುರೆಯ ಮೇಲಿನ ಬೆರಳಿನ ಮೃದುತ್ವ. ವೇಗದಿಂದ ಅಲ್ಲಿ ಯಾವ ಪ್ರಯೋಜನವೂ ಇಲ್ಲ. ಮೇಲಾಗಿ ಅರೆಸ್ವಯಂಚಾಲಿತ ಯಂತ್ರವು ತೋಟಾದ ಬಲವನ್ನೇ ನಂಬಿರುವುದರಿಂದ ದುರ್ಬಲವಾದ ತೋಟಾ ಸಿಕ್ಕಿದರೆ ನಡುವೆ ಸಿಕ್ಕಿಬೀಳುತ್ತದೆ. ಬೋಲ್ಟ್ ರೈಫಲ್ಲು ಸಿಕ್ಕಿದ ತೋಟಾದೊಡನೆ ಹೊಂದಿಕೊಂಡು ಹೋಗುತ್ತದೆ. ತೋಟಾಗಳ ಆಯ್ಕೆಯೂ ಪರಿಮಿತ, ಪರವಾನಗಿಯಲ್ಲಿ ಅವುಗಳ ಸಂಖ್ಯೆಯೂ ಪರಿಮಿತ. ಇಂತಹ ನಾಡಿನಲ್ಲಿ ಈ ಭೇದವು ಅಲ್ಪವಾದುದಲ್ಲ.

ಮೇಲಿನ ಸಂಗತಿಗಳಿಂದ ನಮಗೆ ತೋರುವುದಿಷ್ಟು. ಅಗ್ಗ ಎಂಬ ಮಾತಿಗೆ ದೇಶಕಾಲಗಳಿಗೆ ತಕ್ಕಂತೆ ಅರ್ಥ ಬೇರೆಯಾಗುತ್ತದೆ. ಅಮೆರಿಕದಲ್ಲಿ ಅಗ್ಗವೆಂದರೆ ಒಬ್ಬನು ಸ್ವಂತಕ್ಕೆ ಕೊಳ್ಳಬಹುದಾದದ್ದು. ನಮ್ಮಲ್ಲಿ ಅಗ್ಗವೆಂದರೆ ಹಲವರು ಸೇರಿ ಬಳಸಬಹುದಾದದ್ದು, ಕಡಮೆ ತೋಟಾದಲ್ಲಿ ಹೆಚ್ಚು ಕಲಿಸುವಂಥದ್ದು, ಕಾನೂನಿನ ಬಾಗಿಲು ತೆರೆದಿರುವಂಥದ್ದು. ಈ ಮೂರೂ ಗುಣಗಳು ಕೂಡಿರುವುದು ಕ್ಲಬ್ಬಿನ ಆಯುಧಶಾಲೆಯಲ್ಲಿರುವ .೨೨ ಬೋಲ್ಟ್ ರೈಫಲ್ಲಿನಲ್ಲಿ. ಸ್ವಯಂ ತುಂಬಿಕೊಳ್ಳುವ ರೈಫಲ್ಲು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದು ಬೇರೊಂದು ಸಮಾಜದ ಅನುಕೂಲಗಳಲ್ಲಿ ಬೆಳೆದ ಫಲ. ಯಂತ್ರವನ್ನು ಹಡಗಿನಲ್ಲಿ ತರಬಹುದು, ಆ ಅನುಕೂಲಗಳನ್ನು ತರಲಾಗದು.

ನಮ್ಮ ವಿದ್ಯಾರ್ಥಿಗೆ ಇನ್ನೂ ಇಪ್ಪತ್ತು ವರ್ಷ. ಆಯುಧದ ಪರವಾನಗಿಗೆ ಇಪ್ಪತ್ತೊಂದು ತುಂಬಿರಬೇಕು. ತರಬೇತಿಯ ಸಂದರ್ಭದಲ್ಲಿ ಮಾತ್ರ ಕಿರಿಯರೂ ನಿಗದಿತ ಷರತ್ತುಗಳ ಮೇಲೆ ಬಂದೂಕನ್ನು ಬಳಸಬಹುದು. ಆದುದರಿಂದ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟು, ಮಾನ್ಯತೆ ಪಡೆದ ಕ್ಲಬ್ಬೊಂದನ್ನು ಸೇರಿ ಅಲ್ಲಿಯ ರೈಫಲ್ಲಿನಲ್ಲಿ ಒಂದು ವರ್ಷ ಅಭ್ಯಾಸ ಮಾಡೆಂದು ನಾವು ಹೇಳಿದೆವು. ಆತನಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು. ಆದರೆ ಹೊರಡುವ ಮೊದಲು, ೧೯೬೩ರಿಂದ ೧೯೬೮ರವರೆಗೆ ಮೈಸೂರಿನ ಕಾಲೇಜುಗಳಲ್ಲಿ ಓದಿ ಆ ರೈಫಲ್ಲನ್ನು ಹಿಡಿದವರು ತಮ್ಮ ಬಡಾವಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ ಅವರ ನೆನಪುಗಳನ್ನು ಬರೆದುಕೊಳ್ಳುವುದಾಗಿ ತಾನಾಗಿಯೇ ಒಪ್ಪಿಕೊಂಡನು. ಆ ತಲೆಮಾರಿನವರಿಗೆ ಈಗ ಎಂಬತ್ತರ ಆಸುಪಾಸು. ದಫ್ತರಗಳಲ್ಲಿ ಬಂದೂಕುಗಳ ಸಂಖ್ಯೆ ಉಳಿಯುತ್ತದೆಯೇ ಹೊರತು ಅವನ್ನು ಹಿಡಿದ ಕೈಗಳ ಅನುಭವ ಉಳಿಯುವುದಿಲ್ಲ. ಈ ಕೆಲಸಕ್ಕೆ ಇನ್ನು ಬಹಳ ಕಾಲವಿಲ್ಲವೆಂಬುದನ್ನು ಇತರ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಗಮನಿಸಬೇಕಾಗಿ ಕೋರುತ್ತೇವೆ.