ಬೆರಳು, ಮೊಳ ಮತ್ತು ಮಹಾವೀರನ ಸೊನ್ನೆ

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಕೆಲಸ, ಕೆಲಸ, ಮತ್ತೆ ಕೆಲಸ... ಕೊನೆಗೂ ಕಳೆದ ತಿಂಗಳು ನಾಲ್ಕು ದಿನ ರಜೆ ಹಾಕಿ ಸೇಡಂಗೆ ಹೋಗಿದ್ದೆ. ವಾಡಿಯಲ್ಲಿ ಇಳಿದು ಬೇರೆ ರೈಲು ಹಿಡಿದು, ಚಿತ್ತಾಪುರ, ಮಳಖೇಡ ರೋಡ್ ದಾಟಿದರೆ ನಮ್ಮೂರು.

ಮನೆಗೆ ಹೋದಾಗ ಅಕ್ಕನ ಮಗ ಮುಖ ಊದಿಸಿಕೊಂಡು ಕೂತಿದ್ದ. ಮೂರನೇ ಕ್ಲಾಸು. ಬೆರಳು ಎಣಿಸಿ ಲೆಕ್ಕ ಮಾಡಿದ್ದಕ್ಕೆ ಶಾಲೆಯಲ್ಲಿ ಕೈಮೇಲೇ ಏಟು ಬಿದ್ದಿತ್ತಂತೆ. ನನಗೂ ಅದೇ ವಯಸ್ಸಿನಲ್ಲಿ, ಅದೇ ಕಾರಣಕ್ಕೆ ಬಿದ್ದಿತ್ತು. ಇಂಜಿನಿಯರಿಂಗ್ ಮುಗಿಸಿದ ಮೇಲೂ ನಾನು ಮೇಜಿನ ಕೆಳಗೆ ಬೆರಳಿನ ಗೆಣ್ಣು ಎಣಿಸುತ್ತೇನೆ ಅನ್ನೋದು ನನ್ನ ಟೀಮಿನವರಿಗೆ ಇನ್ನೂ ಗೊತ್ತಿಲ್ಲ!

ಅವನನ್ನು ನಗಿಸೋಣ ಅಂತ ಪರ್ಸಿ ಮೇಲೆ ಏಳು ಶೇಂಗಾ ಇಟ್ಟೆ. (ನಮ್ಮ ಕಡೆ ಮನೆಗಳಿಗೆಲ್ಲ ಶಹಾಬಾದ್ ಕಲ್ಲೇ ಹಾಸು.) "ಏಳನ್ನ ಸೊನ್ನಿಯಿಂದ ಭಾಗಿಸಿದ್ರ ಎಷ್ಟು, ಹೇಳು?" ಅಂದೆ. ಅವನು ತಡಮಾಡಲೇ ಇಲ್ಲ.

"ಯಾರಿಗೂ ಕೊಟ್ಟೇ ಇಲ್ಲಲ್ಲ ಮಾಮಾ. ಏಳೂ ನನ್ನ ಬಲ್ಲೇ ಉಳಿತಾವ."

ನನಗೆ ರೋಮಾಂಚನ ಆಯ್ತು. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯ ಕೊಟ್ಟದ್ದೂ ಇದೇ ಉತ್ತರ!

ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕಾಗಿಣಾ ನದಿಯ ದಂಡೆಯಲ್ಲಿ, ನಮ್ಮ ಸೇಡಂ ತಾಲ್ಲೂಕಿನಲ್ಲೇ ಇದೆ. ಅಲ್ಲಿಂದ 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನನ್ನು ನಾವು ಕವಿರಾಜಮಾರ್ಗದ ಜೊತೆ ನೆನೆಯುತ್ತೇವೆ. ಅದೇ ರಾಜನನ್ನು ಹೊಗಳಿ ಶುರುವಾಗುವ ಇನ್ನೊಂದು ಪುಸ್ತಕ, ಮಹಾವೀರನ 'ಗಣಿತಸಾರಸಂಗ್ರಹ', ನಮಗೆ ನೆನಪಾಗೋದು ಕಮ್ಮಿ. ಸಂಸ್ಕೃತದಲ್ಲಿದೆ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು.

ಆ ಪುಸ್ತಕದಲ್ಲಿ ಲೆಕ್ಕಕ್ಕಿಂತ ಮೊದಲು ಬರೋದು ಅಳತೆ. ಕೂದಲೆಳೆಯಿಂದ ಜವೆ ಕಾಳಿಗೆ, ಜವೆಯಿಂದ ಅಂಗುಲಕ್ಕೆ ಬರುತ್ತಾನೆ. ಅಂಗುಲ ಅಂದರೆ ಬೆರಳು. 6 ಅಂಗುಲಕ್ಕೆ ಒಂದು ಪಾದ, 2 ಪಾದಕ್ಕೆ ಒಂದು ವಿತಸ್ತಿ (ನಮ್ಮ ಗೇಣು), 2 ವಿತಸ್ತಿಗೆ ಒಂದು ಹಸ್ತ (ನಮ್ಮ ಮೊಳ). 4 ಹಸ್ತ ಒಂದು ದಂಡ, 2000 ದಂಡ ಒಂದು ಕ್ರೋಶ, 4 ಕ್ರೋಶ ಒಂದು ಯೋಜನ. ಸುಮ್ಮನೆ ಗುಣಿಸಿ ನೋಡಿದೆ: ಒಂದು ಯೋಜನಕ್ಕೆ 7,68,000 ಬೆರಳು. ಕಣ್ಣಿಗೆ ನಿಲುಕದ ದೂರವನ್ನು ಯೋಚಿಸಬೇಕಾದರೂ ಮನುಷ್ಯ ಹೊರಡೋದು ತನ್ನ ಕೈಯಿಂದಲೇ. ಬೆರಳುಗಳೆಲ್ಲ ಒಂದೇ ಅಳತೆಯವಲ್ಲ ಅನ್ನೋದೂ ಅವನಿಗೆ ಗೊತ್ತಿತ್ತು. ಲೆಕ್ಕಕ್ಕೆ ಗೊತ್ತುಮಾಡಿದ ಅಂಗುಲ ಬೇರೆ, ಆಯಾ ಕಾಲದ ಜನರ ಸ್ವಂತ ಬೆರಳಿನ ಅಂಗುಲ ಬೇರೆ ಅಂತ ಬಿಡಿಸಿ ಹೇಳಿದ್ದಾನೆ. ಸೇಡಂ ಬಜಾರಿನಲ್ಲಿ ಉದ್ದ ಕೈಯವರ ಹತ್ತಿರವೇ ಹೂವು ಕೊಳ್ಳುವ ನಮ್ಮವ್ವನಿಗೆ ಇದು ಹೊಸ ವಿಷಯ ಏನಲ್ಲ ಬಿಡಿ.

ಈಗ ಸೊನ್ನೆಗೆ ಬರೋಣ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಅಂದ ಮಹಾವೀರ. ತಪ್ಪು. ಇಂಥದ್ದೇ ಒಂದು ಭಾಗಾಕಾರದಿಂದ ನನ್ನ ಪ್ರೋಗ್ರಾಮ್ ಕ್ರ್ಯಾಶ್ ಆಗಿ ರಾತ್ರಿ ಎರಡರವರೆಗೆ ಕೂತಿದ್ದೇನೆ, ಆದ್ದರಿಂದ ಧೈರ್ಯವಾಗಿ ಹೇಳಬಲ್ಲೆ! ಆದರೆ ಇದು ದಡ್ಡತನದ ತಪ್ಪಲ್ಲ, ಕೈಯ ತಪ್ಪು ಅಂತ ನನಗನ್ನಿಸುತ್ತೆ. ಭಾಗ ಅಂದರೆ ಹಂಚುವುದು. ಹಂಚಿಸಿಕೊಳ್ಳುವವರೇ ಇಲ್ಲದಿದ್ದರೆ ಶೇಂಗಾ ಮುಷ್ಟಿಯಲ್ಲೇ ಇರುತ್ತದಲ್ಲ? 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯ ಅದನ್ನು 'ಖಹರ' ಅಂತ ಕರೆದು ಅನಂತಕ್ಕೆ ಹೋಲಿಸಿದ.

ಗಣಿತವೆಲ್ಲ ಹೀಗೆ ಕೂಡಿಡುವ, ಹಂಚುವ, ನಡೆಯುವ ಅನುಭವದಿಂದಲೇ ಬೆಳೆದದ್ದು ಅಂತ ಜಾರ್ಜ್ ಲೇಕಾಫ್ ಮತ್ತು ರಫಾಯೆಲ್ ನೂನ್ಯೆಸ್ 2000ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದರು. ವೈದ್ಯರ ಕಡೆಯಿಂದಲೂ ಒಂದು ಸಂಗತಿ ಇದೆ. ಮೆದುಳಿನ ಎಡಭಾಗದ ಒಂದು ಜಾಗಕ್ಕೆ ಪೆಟ್ಟಾದರೆ ಕೆಲವರಿಗೆ ತಮ್ಮದೇ ಬೆರಳುಗಳನ್ನು ಗುರುತಿಸಲು ಆಗುವುದಿಲ್ಲ, ಜೊತೆಗೆ ಲೆಕ್ಕವೂ ತಪ್ಪುತ್ತದೆ. ಗೆರ್ಸ್ಟ್‌ಮನ್ ಎಂಬ ವಿಯೆನ್ನಾದ ವೈದ್ಯರ ಹೆಸರು ಅದಕ್ಕಿದೆ. ಬೆರಳಿನ ಅರಿವು ಮತ್ತು ಲೆಕ್ಕ ಮೆದುಳಿನಲ್ಲಿ ಬರೀ ಅಕ್ಕಪಕ್ಕದ ಮನೆಯವೋ, ನಿಜವಾದ ನೆಂಟರೋ ಅನ್ನೋ ವಾದ ಮುಗಿದಿಲ್ಲ.

ಎಲ್ಲವೂ ಕೈಯಲ್ಲೇ ಇದೆ ಅಂತ ನಾನು ಹೇಳಲ್ಲ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ ಇದೇ ಮಹಾವೀರ ಹೇಳಿದ್ದಾನೆ. ಶೇಂಗಾ ಇಟ್ಟುಕೊಂಡು ಅಲ್ಲಿಗೆ ಮುಟ್ಟೋಕೆ ಆಗಲ್ಲ. ಆದರೆ ಅಷ್ಟು ದೂರ ಹೋದವನೂ ಶುರುಮಾಡಿದ್ದು ಬೆರಳಿಂದ. ಮೂರನೇ ಕ್ಲಾಸಿನ ಹುಡುಗನಿಗೆ ಅದಕ್ಕೇ ಏಟಾ?

ಮರುದಿನ ಅವನನ್ನು ಮಳಖೇಡದ ಕೋಟೆಗೆ ಕರೆದುಕೊಂಡು ಹೋದೆ. ಬಿಸಿಲು ಸುಡುತ್ತಿತ್ತು. ಅವನು ಗೋಡೆಯ ಒಂದು ಕಲ್ಲನ್ನು ಗೇಣು ಹಾಕಿ ಅಳೆದು ಹನ್ನೊಂದು ಅಂದ. ನಾನು ಅಳೆದರೆ ಎಂಟೂ ಆಗಲಿಲ್ಲ.

"ಮಾಮಾ, ಯಾರದ್ ಬರೋಬ್ಬರಿ ಅದ?"

ಇಬ್ಬರದೂ ಅಂದೆ. ಅವನು ನಂಬಲಿಲ್ಲ, ಇನ್ನೊಮ್ಮೆ ಅಳೆಯೋಕೆ ಶುರುಮಾಡಿದ.