ಮಾಪಕಕ್ಕೆ ಪರೀಕ್ಷೆ, ಪರೀಕ್ಷೆಗೆ ಮಿತಿ

ಭಟ್ಕಳದ ಎಷ್ಟೋ ಕುಟುಂಬಗಳಿಗೆ ಕೊಲ್ಲಿ ರಾಷ್ಟ್ರಗಳ ನಂಟು ಹಳೆಯದು. ಮಂಗಳೂರಿನಿಂದಲೋ ಗೋವಾದಿಂದಲೋ ಹೊರಟ ವಿಮಾನ ಅರಬ್ಬೀ ಸಮುದ್ರದ ಮೇಲೆ 35 ಸಾವಿರ ಅಡಿ ಎತ್ತರದಲ್ಲಿ ಸಾಗುತ್ತಿರುವಾಗ ಆ ಎತ್ತರವನ್ನು ಪೈಲಟ್‌ಗೆ ತಿಳಿಸುವುದು ಯಾವುದು? ಮುಖ್ಯವಾಗಿ ಹೊರಗಿನ ಗಾಳಿಯ ಒತ್ತಡ. ವೇಗ ತಿಳಿಯುವುದೂ ಗಾಳಿಯಿಂದಲೇ. ಈ ಒತ್ತಡವನ್ನು ಓದುವ ಮಾಪಕಗಳು ಸರಿಯಾಗಿವೆಯೇ ಎಂದು ನೆಲದ ಮೇಲೆಯೇ ಪರೀಕ್ಷಿಸುವ ಯಂತ್ರವೊಂದಿದೆ. ಆದರೆ ಅದಕ್ಕೆ ಮಿತಿ ಹಾಕದಿದ್ದರೆ, ಪರೀಕ್ಷಿಸಬೇಕಾದ ಮಾಪಕವನ್ನೇ ಅದು ಕೆಡಿಸಿಬಿಡಬಲ್ಲದು.

ಗಾಳಿಗೆ ಭಾರವಿದೆ ಎಂಬುದನ್ನು ಇಟಲಿಯ ಟೊರಿಚೆಲ್ಲಿ 17ನೇ ಶತಮಾನದಲ್ಲಿ ಪಾದರಸದ ಕೊಳವೆಯಿಂದ ತೋರಿಸಿದ. 1648ರಲ್ಲಿ ಫ್ರಾನ್ಸಿನ ಪೆರಿಯೇ ಅಂಥದೇ ಕೊಳವೆಯನ್ನು ಬೆಟ್ಟದ ಮೇಲೆ ಒಯ್ದು, ಮೇಲೇರಿದಂತೆ ಪಾದರಸ ಇಳಿಯುವುದನ್ನು ಕಂಡ. ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತುವ ಬಸ್ಸಿನಲ್ಲಿ ಕಿವಿ ಕಟ್ಟಿದಂತಾಗುವುದೂ ಇದೇ ಕಾರಣಕ್ಕೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸರಾಸರಿ 1,013 ಮಿಲಿಬಾರ್. ಅಲ್ಲಿಂದ 100 ಮೀಟರ್ ಏರಿದರೆ ಸುಮಾರು 12 ಮಿಲಿಬಾರ್ ಇಳಿಯುತ್ತದೆ. 35 ಸಾವಿರ ಅಡಿಯಲ್ಲಿ ಉಳಿಯುವುದು ಬರೀ 238.

1844ರಲ್ಲಿ ಫ್ರಾನ್ಸಿನ ವಿಡಿ ಪಾದರಸದ ಬದಲು ಗಾಳಿ ತೆಗೆದ ತೆಳು ಲೋಹದ ಡಬ್ಬಿಯನ್ನು ಬಳಸಿದ. ಹೊರಗಿನ ಒತ್ತಡ ಕಡಿಮೆಯಾದಂತೆ ಡಬ್ಬಿ ಉಬ್ಬಿ ಮುಳ್ಳನ್ನು ತಿರುಗಿಸುತ್ತದೆ. ಇದೇ ತತ್ತ್ವದ ಮೇಲೆ 1928ರಲ್ಲಿ ಅಮೆರಿಕದ ಕೋಲ್ಸ್‌ಮನ್ ವಿಮಾನಕ್ಕೆ ತಕ್ಕ ಸೂಕ್ಷ್ಮ ಎತ್ತರಮಾಪಕ ಸಿದ್ಧಪಡಿಸಿದ. ಮರುವರ್ಷವೇ ಜಿಮ್ಮಿ ಡೂಲಿಟಲ್ ಹೊರಗೆ ನೋಡದೆ, ಮಾಪಕಗಳನ್ನಷ್ಟೇ ನಂಬಿ ವಿಮಾನ ಹಾರಿಸಿ ಇಳಿಸಿದ.

ಆದರೆ ಗಾಳಿಯ ಒತ್ತಡ ದಿನವೂ ಒಂದೇ ಇರುವುದಿಲ್ಲ. ವಾಯುಭಾರ ಕುಸಿತವೆಂಬ ಮಾತು ಕರಾವಳಿಯವರಿಗೆ ಹೊಸದಲ್ಲ. ಹೊನ್ನಾವರದ ಹವಾಮಾನ ವೀಕ್ಷಣಾಲಯದಂಥ ಕೇಂದ್ರಗಳು ಅಳೆಯುವ ಒತ್ತಡವನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ಲೆಕ್ಕ ಹಾಕಲಾಗುತ್ತದೆ. ವಿಮಾನ ನಿಲ್ದಾಣಗಳಲ್ಲಿ ಇಂಥದೇ ಲೆಕ್ಕದಿಂದ ಬಂದ ಅಂಕಿಯನ್ನು ಪೈಲಟ್ ತನ್ನ ಮಾಪಕದಲ್ಲಿ ಹೊಂದಿಸಿಕೊಳ್ಳುತ್ತಾನೆ. ಒತ್ತಡ 10 ಮಿಲಿಬಾರ್ ಕುಸಿದಾಗ ತಿದ್ದದೆ ಬಿಟ್ಟ ಮಾಪಕ, ನಿಜವಾದ ಎತ್ತರಕ್ಕಿಂತ ಸುಮಾರು 270 ಅಡಿ ಹೆಚ್ಚು ತೋರಿಸುತ್ತದೆ.

ವೇಗದ ಅಳತೆ ಹುಟ್ಟಿದ್ದು ನದಿಯಲ್ಲಿ. 1732ರಲ್ಲಿ ಫ್ರಾನ್ಸಿನ ಎಂಜಿನಿಯರ್ ಆನ್ರಿ ಪಿಟೋ ಬಾಗಿದ ಕೊಳವೆಯಿಂದ ಸೇನ್ ನದಿಯ ಹರಿವನ್ನು ಅಳೆದ. ಕುಮಟಾದ ಅಘನಾಶಿನಿಯಲ್ಲೂ ಈ ಪ್ರಯೋಗ ಮಾಡಬಹುದು. ಕೊಳವೆಯ ಬಾಯಿ ಪ್ರವಾಹಕ್ಕೆ ಎದುರಾಗಿದ್ದು, ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ, ಕೊಳವೆಯೊಳಗೆ ಅದು ಹೊರಮಟ್ಟಕ್ಕಿಂತ ಸುಮಾರು 20 ಸೆಂಟಿಮೀಟರ್ ಮೇಲೇರುತ್ತದೆ. ವಿಮಾನದಲ್ಲಿ ಮುಂದಕ್ಕೆ ಚಾಚಿದ ಪಿಟೋ ಕೊಳವೆ ಎದುರು ಗಾಳಿಯ ಒತ್ತಡವನ್ನೂ, ಪಕ್ಕದ ಸಣ್ಣ ರಂಧ್ರಗಳು ಸುತ್ತಲಿನ ಒತ್ತಡವನ್ನೂ ಗ್ರಹಿಸುತ್ತವೆ. ಎರಡರ ವ್ಯತ್ಯಾಸದಿಂದ ವೇಗ ತಿಳಿಯುತ್ತದೆ.

ಈ ಪುಟ್ಟ ದಾರಿಗಳು ಕಟ್ಟಿಕೊಂಡರೆ ಏನಾಗುತ್ತದೆಂಬುದನ್ನು 1996ನೇ ವರ್ಷ ಎರಡು ಬಾರಿ ತೋರಿಸಿತು. ಫೆಬ್ರುವರಿಯಲ್ಲಿ ಡೊಮಿನಿಕನ್ ಗಣರಾಜ್ಯದ ಬಳಿ ಬಿರ್ಗೆನ್‌ಏರ್ ವಿಮಾನ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ಪಿಟೋ ಕೊಳವೆಯಲ್ಲಿ ಕುಂಬಾರ ಹುಳ ಗೂಡು ಕಟ್ಟಿದ್ದಿರಬೇಕೆಂದು ತನಿಖೆಗಾರರು ಶಂಕಿಸಿದರು. ಅಕ್ಟೋಬರಿನಲ್ಲಿ ಪೆರು ದೇಶದ ಏರೊಪೆರು ವಿಮಾನ ಬಿದ್ದು 70 ಜನ ಸತ್ತರು. ವಿಮಾನ ತೊಳೆಯುವಾಗ ಪಕ್ಕದ ರಂಧ್ರಗಳಿಗೆ ಅಂಟಿಸಿದ್ದ ಟೇಪನ್ನು ಕೀಳಲು ಮರೆತಿದ್ದರು.

ಆದ್ದರಿಂದಲೇ ನಿಯತಕಾಲಿಕ ಪರೀಕ್ಷೆ ಅನಿವಾರ್ಯ. ಅಮೆರಿಕದಲ್ಲಿ, ಮಾಪಕಗಳನ್ನೇ ನಂಬಿ ಮೋಡದೊಳಗೆ ಹಾರುವ ವಿಮಾನಗಳಿಗೆ ಇದು 24 ತಿಂಗಳಿಗೊಮ್ಮೆ ಕಡ್ಡಾಯ. ಕರ್ನಾಟಕಕ್ಕೂ ವಿಮಾನ ದುರಸ್ತಿಯ ಕಸುಬು ಹಳೆಯದು. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆ, ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಿಮಾನಗಳನ್ನು ದುರಸ್ತಿ ಮಾಡಿತು. ದುರಸ್ತಿಯೆಂದರೆ ಎಂಜಿನ್, ರೆಕ್ಕೆಗಳಷ್ಟೇ ಅಲ್ಲ. ಮಾಪಕಗಳ ತಪಾಸಣೆಯೂ ಅದರ ಅಂಗ.

ಪರೀಕ್ಷಾ ಯಂತ್ರದಲ್ಲಿ ಗಾಳಿ ಹೀರುವ ಪಂಪು, ಒತ್ತುವ ಪಂಪು ಎರಡೂ ಇರುತ್ತವೆ. ಪಕ್ಕದ ರಂಧ್ರದಿಂದ ಗಾಳಿ ಹೀರಿದರೆ, ಶೆಡ್ಡಿನಲ್ಲಿ ನಿಂತ ವಿಮಾನವೇ ಮೇಲೇರಿದಂತೆ ಎತ್ತರಮಾಪಕ ತೋರಿಸುತ್ತದೆ. ಅಪಾಯವಿರುವುದೂ ಇಲ್ಲಿಯೇ. ಸಮುದ್ರಮಟ್ಟದಲ್ಲಿ ನಿಂತ ವಿಮಾನದ ಪಿಟೋ ಕೊಳವೆಯನ್ನು ಯಂತ್ರಕ್ಕೆ ಜೋಡಿಸದೆ, ಪಕ್ಕದ ರಂಧ್ರದಿಂದ ಮಾತ್ರ 10 ಸಾವಿರ ಅಡಿಯಷ್ಟು ಗಾಳಿ ಹೀರಿದರೆಂದುಕೊಳ್ಳಿ. ಆಗ ವೇಗಮಾಪಕದ ಮೇಲೆ ಬೀಳುವ ಒತ್ತಡ ಗಂಟೆಗೆ ಸುಮಾರು 780 ಕಿಲೋಮೀಟರ್ ವೇಗಕ್ಕೆ ಸಮ! ಸಣ್ಣ ತರಬೇತಿ ವಿಮಾನದ ವೇಗಮಾಪಕ ಅದರ ಅರ್ಧವನ್ನೂ ತಾಳಲಿಕ್ಕಿಲ್ಲ. ಪರೀಕ್ಷೆಯ ನಡುವೆ ರಬ್ಬರ್ ಕೊಳವೆ ಕಳಚಿದರೆ ಗಾಳಿ ಒಮ್ಮೆಲೇ ನುಗ್ಗಿ, ಏರಿಳಿಯುವ ವೇಗ ತೋರಿಸುವ ಮಾಪಕವೂ ಕೆಡುತ್ತದೆ.

ಹೀಗಾಗಿ ಕೆಲಸ ಆರಂಭಿಸುವ ಮುನ್ನ ಯಂತ್ರಕ್ಕೆ ಮಿತಿಗಳನ್ನು ನಿಗದಿ ಮಾಡಬೇಕು: ಗರಿಷ್ಠ ಎತ್ತರ, ಗರಿಷ್ಠ ವೇಗ, ಮಿನಿಟಿಗೆ ಇಷ್ಟೇ ಅಡಿ ಏರಿಳಿತ, ಪಿಟೋ ಒತ್ತಡ ಪಕ್ಕದ ಒತ್ತಡಕ್ಕಿಂತ ಕೆಳಗಿಳಿಯಬಾರದೆಂಬ ನಿಬಂಧನೆ. ಯುದ್ಧವಿಮಾನಕ್ಕೆ ಹೊಂದಿಸಿದ ಮಿತಿ ಸಣ್ಣ ವಿಮಾನಕ್ಕೆ ಸಲ್ಲದು. ಯಂತ್ರದ ಸಾಮರ್ಥ್ಯ ಎಷ್ಟೇ ಇರಲಿ, ಮಿತಿ ನಿರ್ಧಾರವಾಗಬೇಕಾದದ್ದು ಜೋಡಿಸಿದ ಮಾಪಕಗಳಲ್ಲಿ ಅತಿ ನಾಜೂಕಾದುದರಿಂದ. ಈಚಿನ ಸ್ವಯಂಚಾಲಿತ ಯಂತ್ರಗಳು ಮಿತಿ ಮೀರಿದ ಆಜ್ಞೆಯನ್ನು ಪಾಲಿಸುವುದೇ ಇಲ್ಲ. ಆದರೂ ಸರಿಯಾದ ಅಂಕಿಯನ್ನು ತುಂಬಬೇಕಾದವನು, ಕೊನೆಗೆ ಟೇಪು, ಮುಚ್ಚಳ, ಕೊಳವೆಗಳನ್ನೆಲ್ಲ ಎಣಿಸಿ ತೆಗೆಯಬೇಕಾದವನು ಮನುಷ್ಯನೇ. ಪ್ರಯಾಣಿಕರು ಅವನನ್ನು ಕಾಣುವುದಿಲ್ಲ. ಅವರ ಜೀವ ಮಾತ್ರ ಅವನ ಎಚ್ಚರವನ್ನು ನೆಚ್ಚಿರುತ್ತದೆ.